ಮುರಿಗೆವ್ವನ ನಾಡಿ

"ಯವ್ವಾ ತಂಗಿ, ನಾ ಸತ್ತೇನೇನು ಮತ್ತ?"

ಮುರಿಗೆವ್ವನ ಪ್ರಶ್ನೆಗೆ ಲ್ಯಾಬಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ರಾಜಶ್ರೀ ನಗಲಿಲ್ಲ. ಮುರಿಗೆವ್ವನ ಎಡಗೈಗೆ ಕಟ್ಟಿದ್ದ ಪಟ್ಟಿಯಡಿ ಹಸಿರು ದೀಪ ಮಿನುಗುತ್ತಲೇ ಇತ್ತು. ಕಂಪ್ಯೂಟರಿನ ಪರದೆಯಲ್ಲಿ ನಾಡಿಯ ಗೆರೆ ಮಾತ್ರ ಅಲುಗದೆ ಮಲಗಿತ್ತು.

ಫಿಟ್‌ನೆಸ್ ಬ್ಯಾಂಡಿನೊಳಗೆ ಕೂತು ನಾಡಿಬಡಿತ ಎಣಿಸುವ ಚಿಪ್ ಒಂದನ್ನು ಜೆ.ಪಿ. ನಗರದ ಆ ಪುಟ್ಟ ಕಂಪನಿ ಎರಡು ವರ್ಷದಿಂದ ರೂಪಿಸುತ್ತಿತ್ತು. ಪರೀಕ್ಷೆಗೆ ಐವತ್ತು ಜನ ಬೇಕಾಗಿದ್ದರು. ಸುದ್ದಗುಂಟೆಪಾಳ್ಯದಲ್ಲಿ ರೊಟ್ಟಿ ಖಾನಾವಳಿ ನಡೆಸುವ ಮುರಿಗೆವ್ವನನ್ನು, ದಿನವೂ ಅಲ್ಲೇ ಉಣ್ಣುವ, ಚಿಪ್ಪಿನ ಇಂಜಿನಿಯರ್ ರಾಜಶ್ರೀಯೇ ಕರೆತಂದಿದ್ದಳು.

ಪಟ್ಟಿ ಬಿಚ್ಚಿದಾಗ ಕಾರಣ ಗೊತ್ತಾಯಿತು. ಮಣಿಕಟ್ಟಿನ ತುಂಬ ದಟ್ಟವಾದ ಹಚ್ಚೆ. ದೀಪದ ಬೆಳಕನ್ನೆಲ್ಲ ಅದು ನುಂಗಿಬಿಡುತ್ತಿತ್ತು.

"ಇವ್ರೊಬ್ರನ್ನ ಲಿಸ್ಟಿಂದ ತೆಗೆದ್ಬಿಡಿ, ರಾಜಶ್ರೀ," ಎಂದರು ಮ್ಯಾನೇಜರ್ ಚಕ್ರಪಾಣಿ. "ಮಿಕ್ಕಿದ್ದೆಲ್ಲಾ ಸಖತ್ತಾಗ್ ಬಂದಿದೆ. ಸೋಮವಾರ ಡಿಸೈನ್ ಫೈನಲ್ ಮಾಡೋಣ."

"ಸಾರ್, ನಮ್ಮ ಕಡೆ ಎಷ್ಟ್ ಮಂದಿ ಹೆಣ್ಮಕ್ಕಳು ಹಚ್ಚಿ ಹಾಕಿಸ್ಕೊಂಡಾರ್ರಿ. ಅವರಿಗೆಲ್ಲಾ ನಾಡೀನ ಇಲ್ಲ ಅನ್ನೋ ಚಿಪ್ಪಿಗೆ ನಾ ಸಹಿ ಹಾಕಂಗಿಲ್ರಿ."

ಆಫೀಸಿನಲ್ಲಿ ಊರ ಮಾತು ಬಾಯಿಗೆ ಬಂದದ್ದು ಅದೇ ಮೊದಲು. ಅವಳ ಕಿವಿ ಬಿಸಿಯಾಯಿತು. ಚಕ್ರಪಾಣಿ ಕನ್ನಡಕ ತೆಗೆದು ನಿಧಾನವಾಗಿ ಒರೆಸಿದರು.

"ಮೂರು ವಾರ ಕೊಡ್ತೀನಿ. ಅಷ್ಟೇ."

ರಾಜಶ್ರೀ ಹಸಿರು ದೀಪದ ಜೊತೆಗೆ, ಚರ್ಮದ ಆಳಕ್ಕಿಳಿಯುವ, ಕಣ್ಣಿಗೆ ಕಾಣದ ಇನ್ನೊಂದು ಬೆಳಕನ್ನು ಸೇರಿಸಿದಳು. ಲೆಕ್ಕಾಚಾರ ತಿದ್ದಿದಳು, ಕೆಟ್ಟಿತು, ಮತ್ತೆ ತಿದ್ದಿದಳು. ಮಧ್ಯಾಹ್ನ ಊಟದವರ ಗದ್ದಲ ಇಳಿಯುತ್ತಲೇ ಲ್ಯಾಪ್‌ಟಾಪ್ ಹಿಡಿದು ಖಾನಾವಳಿಗೆ ಓಡುವಳು. ಮುರಿಗೆವ್ವ ಹಿಟ್ಟಿನ ಕೈ ಒರೆಸಿಕೊಂಡು ಚಾಚುವಳು. "ಇವತ್ತರ ಜೀವ ಬಂತೇನ ನನಗ?"

ಹದಿನೆಂಟನೆಯ ದಿನ ಚಕ್ರಪಾಣಿಯೂ ಜೊತೆಗೆ ಬಂದರು. ಹಚ್ಚೆಯ ಮೇಲೆಯೇ ಪಟ್ಟಿ ಕಟ್ಟಿ ರಾಜಶ್ರೀ ಲ್ಯಾಪ್‌ಟಾಪ್ ತೆರೆದಳು. ಗೆರೆ ಒಮ್ಮೆ ನಡುಗಿತು. ಆಮೇಲೆ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಪಕ್ಕದಲ್ಲಿ ಎಂಬತ್ತೆರಡು ಎಂಬ ಅಂಕಿ ಮೂಡಿತು. ಚಕ್ರಪಾಣಿ ಮುರಿಗೆವ್ವನ ಬಲಗೈ ನಾಡಿ ಹಿಡಿದು, ಗಡಿಯಾರ ನೋಡಿ ಒಂದು ನಿಮಿಷ ಎಣಿಸಿದರು.

"ಎಂಬತ್ಮೂರು," ಎಂದವರ ಮುಖ ಅರಳಿತು. "ರೀ ರಾಜಶ್ರೀ, ಗೆದ್ಬಿಟ್ರಲ್ರೀ!"

ಮುರಿಗೆವ್ವ ಪರದೆಯತ್ತ ಬಗ್ಗಿದಳು.

"ಇದೇನ ತಂಗಿ, ಹಿಂಗ ಕುಣ್ಯಾಕ ಹತ್ತೈತಿ?"

"ನಿಮ್ಮ ನಾಡಿರಿ, ಅಕ್ಕಾರ."

ಮುರಿಗೆವ್ವ ಮೈ ಕುಲುಕಿಸಿ ನಕ್ಕಳು, ಗೆರೆ ಎಗರಿತು. ಥಟ್ಟನೆ ಸುಮ್ಮನಾದಳು, ಗೆರೆಯೂ ಹದಕ್ಕೆ ಬಂತು. ಬಾಯಿಗೆ ಸೆರಗು ಅಡ್ಡ ಹಿಡಿದು, ಪರದೆಯನ್ನು ಓರೆಗಣ್ಣಿನಿಂದ ನೋಡುತ್ತ, ಅವಳು ಮತ್ತೊಮ್ಮೆ ನಕ್ಕಳು.