ಜಾಗ ಬಿಡದ ಡಬ್ಬಿ

"ಸಾಯಲ್ಲ ಅಂತಿದೆ ಮುಂಡೇದು," ಎಂದು ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲೆ ಎಸೆದಳು.

ರಕ್ತ ಪರೀಕ್ಷೆ ಮಾಡುವ ಪ್ರಯೋಗಾಲಯದ ಹಿಂಭಾಗದಲ್ಲಿ, ಮೆಟ್ಟಿಲ ಕೆಳಗಿನ ಗವಿಯಂಥ ಕೋಣೆ ಅವಳದು. ಕಂಪ್ಯೂಟರುಗಳ ಉಸ್ತುವಾರಿ ಅವಳ ಕೆಲಸ. ಮ್ಯಾನೇಜರಿಂದ ಹಿಡಿದು ನೆಲ ಒರೆಸುವವನವರೆಗೆ ಎಲ್ಲರಿಗೂ ಅವಳು ಅಕ್ಕನೇ. ಬೈಸಿಕೊಳ್ಳುವಾಗ ಆ ಸಂಬಂಧ ಇದ್ದರೆ ಅಷ್ಟು ಉರಿಯುವುದಿಲ್ಲ.

ಅಲ್ಲಿದ್ದದ್ದು ಒಂದೇ ದೊಡ್ಡ ಯಂತ್ರ. ಉಪ್ಪಿಗೊಂದು ಸಕ್ಕರೆಗೊಂದು ಡಬ್ಬಿ ಇಟ್ಟ ಹಾಗೆ, ಒಂದರ ಗಲೀಜು ಇನ್ನೊಂದಕ್ಕೆ ತಾಗದಿರಲೆಂದು ಒಂದೊಂದು ಕೆಲಸದ ಸಾಫ್ಟ್‌ವೇರನ್ನು ಒಂದೊಂದು ಕಂಟೇನರಿನಲ್ಲಿ ಇಟ್ಟಿದ್ದರು. ಕಚೇರಿಯಲ್ಲಿ ಅವಕ್ಕೆ ಡಬ್ಬಿಗಳೆಂದೇ ಹೆಸರು. ರಿಪೋರ್ಟು ಮುದ್ರಿಸುವ ಡಬ್ಬಿ ಹಳತಾಗಿತ್ತು. ಅದನ್ನು ನಿಲ್ಲಿಸಿ, ತೆಗೆದುಹಾಕಿ, ಅದೇ ಹೆಸರಿನಲ್ಲಿ ಹೊಸದನ್ನು ಕೂರಿಸಬೇಕು. ಒಂದು ಸೀನು ಸೀನುವಷ್ಟು ಹೊತ್ತಿನ ಕೆಲಸ. ಊಟಕ್ಕೆ ಮುಂಚೆ ಮುಗಿಸುತ್ತೇನೆಂದು ಅಕ್ಕ ಮಾತು ಕೊಟ್ಟಿದ್ದಳು. ಈಗ ಅವಳ ಊಟದ ಡಬ್ಬಿಯೂ ಮುಚ್ಚಳ ತೆರೆಯದೆ ಮೂಲೆಯಲ್ಲಿ ಬಿದ್ದಿತ್ತು.

ಮೊದಲು ಮರ್ಯಾದೆಯಿಂದ ನಿಲ್ಲು ಎಂದು ಆಜ್ಞೆ ಕೊಟ್ಟಳು. ಕೇಳಲಿಲ್ಲ. ಕೊಲ್ಲುವ ಆಜ್ಞೆ ಕೊಟ್ಟಳು. ಅದಕ್ಕೂ ಜಗ್ಗಲಿಲ್ಲ. ಬಲವಂತವಾಗಿ ಕಿತ್ತುಹಾಕಲು ಹೋದರೆ, ಬಳಕೆಯಲ್ಲಿದೆ, ತೆಗೆಯಲಾಗದು ಎಂಬ ಉತ್ತರ. ಹೊಸದನ್ನು ಕೂರಿಸೋಣವೆಂದರೆ ಆ ಹೆಸರಿನವರು ಆಗಲೇ ಒಳಗಿದ್ದಾರೆ ಎಂಬ ತಕರಾರು. ಸತ್ತಿಲ್ಲ, ಬದುಕಿಯೂ ಇಲ್ಲ. ರಿಪೋರ್ಟು ಮಾತ್ರ ಒಂದೂ ಹೊರಬರುತ್ತಿಲ್ಲ.

ಕೌಂಟರಿನವಳು ಬಾಗಿಲಿಗೆ ಬಂದು ನಿಂತಳು. "ಅಕ್ಕಾ, ಜನ ಕಿಟಕಿ ಕಿತ್ತುಕೊಂಡು ಒಳಗೆ ಬರ್ತಾರೆ ಅಷ್ಟೇ. ಒಬ್ಬ ಮುದುಕ ಆಗಲೇ ನನ್ನ ವಂಶಾನೆಲ್ಲ ತೊಳೆದು ಒಣಹಾಕಿದ."

"ಒಣಗಲಿ ಬಿಡು. ನಾನೇನು ಸುಮ್ನೆ ಕೂತಿದೀನಾ?"

ಅವಳ ಬೆನ್ನಿಗೇ ಮ್ಯಾನೇಜರು ಬಂದ. "ಇಡೀ ಯಂತ್ರಾನೇ ಆರಿಸಿ ಮತ್ತೆ ಹಾಕಿಬಿಡಮ್ಮ. ನಮ್ಮನೆ ಟೀವೀಗೆ ನಾನು ಹಂಗೇ ಮಾಡೋದು."

"ನಿಮ್ಮನೆ ಟೀವಿ ಒಳಗೆ ರಕ್ತ ಸುತ್ತುತಿರುತ್ತಾ ಸಾರ್? ಪರೀಕ್ಷೆ ನಡೆಸೋ ಡಬ್ಬೀನೂ ಇದರೊಳಗೇ ಇದೆ, ಬೆಳಗಿನ ಸ್ಯಾಂಪಲ್ಲೆಲ್ಲ ಹಾಕಿದಾರೆ. ಈಗ ಆರಿಸಿದ್ರೆ ಅಷ್ಟೂ ಹಾಳು. ಆ ಮುದುಕಂಗೆ ಇನ್ನೊಂದ್ಸಲ ಸೂಜಿ ಚುಚ್ತೀವಿ ಬಾರಪ್ಪ ಅಂತ ನೀವೇ ಹೇಳ್ತೀರಾ?"

ಮ್ಯಾನೇಜರು ತಲೆ ಕೆರೆದುಕೊಂಡ. "ಸಂಜೆಯೊಳಗೆ ಆಗ್ಲಿಲ್ಲ ಅಂದ್ರೆ ನಾನೇ ಬಂದು ಸ್ವಿಚ್ ಆರಿಸ್ತೀನಿ. ಆಮೇಲೆ ನನ್ನನ್ನ ಕೇಳಬೇಡ," ಎಂದು ಹೇಳಿ ಹೋದ.

ಅವನು ಹೋದದ್ದೇ ತಡ, ಮೊಬೈಲು ಗುನುಗಿತು. ಗಂಡ.

"ಇವತ್ತು ನೀನು ಹೇಳ್ತೀಯೋ, ನಾನು ಹೇಳ್ಲೋ?"

"ಕೆಲಸದಲ್ಲಿದೀನಿ."

"ಯಾವತ್ತು ಇರಲಿಲ್ಲ? ನೋಡು, ಇವತ್ತೂ ಹೇಳ್ಲಿಲ್ಲ ಅಂದ್ರೆ ಅವನ ಚೀಲ ನಾನೇ ಬಾಗಿಲಾಚೆ ಇಡ್ತೀನಿ. ನನ್ನ ಮನೇಲಿ ನಾನು ಕಾಲು ಚಾಚಿ ಕೂರೋ ಹಂಗಿಲ್ಲ."

"ಸಂಜೆ ಹೇಳ್ತೀನಿ ಅಂದ್ನಲ್ಲ. ಇಡಿ ಫೋನು."

ಚೀಲ ಅವಳ ತಮ್ಮನದು. ಹೆಂಡತಿಯ ಜೊತೆ ಜಗಳವಾಡಿ ಬೇಸಿಗೆಯಲ್ಲಿ ಬಂದವನು, ಚಳಿ ಶುರುವಾದರೂ ಮುಂದಿನ ಕೋಣೆಯ ಸೋಫಾ ಬಿಟ್ಟಿರಲಿಲ್ಲ. ಕೆಟ್ಟವನೇನಲ್ಲ. ಪಾತ್ರೆ ತೊಳೆಯುತ್ತಾನೆ, ಚಪ್ಪಲಿ ಅಂಗಡಿಯ ಸಂಬಳದಲ್ಲಿ ತರಕಾರಿ ತರುತ್ತಾನೆ. ಆದರೆ ಸೂಚನೆಗಳು ಅವನಿಗೆ ತಾಕುವುದಿಲ್ಲ. ಊಟದ ಹೊತ್ತಿಗೆ ಭಾವ ಮುಖ ಗಂಟು ಹಾಕಿದರೆ, ಭಾವನಿಗೆ ಹೊಟ್ಟೆ ಸರಿಯಿಲ್ಲವೇನೋ ಎಂದು ಬಿಸಿನೀರು ಕಾಯಿಸಿ ತಂದುಕೊಡುತ್ತಾನೆ. ಅಕ್ಕನೂ ಸುತ್ತಿ ಬಳಸಿ ಹೇಳಿ ನೋಡಿದ್ದಳು, ರೇಗಿಯೂ ನೋಡಿದ್ದಳು. ಅವನು ತಲೆ ತಗ್ಗಿಸಿ ಕೂತ ಕಡೆಯೇ ಕೂರುತ್ತಾನೆ. ಸಂಜೆ ಅವಳು ಚಪ್ಪಲಿ ಬಿಡುವಾಗ ಮಾತ್ರ, "ಏನಾದ್ರೂ ಸಮಾಚಾರ ಇದೆಯಾ ಅಕ್ಕ?" ಎಂದು ಕೇಳುತ್ತಾನೆ. "ಏನ್ ಸಮಾಚಾರ, ಅದೇ ಕತ್ತೆ ದುಡಿತ," ಎಂದು ಅವಳು ಒಳಗೆ ಹೋಗುತ್ತಾಳೆ.

ಅಕ್ಕ ಕನ್ನಡಕ ಒರೆಸಿ ಹಾಕಿಕೊಂಡಳು. ಕೊಲ್ಲುವ ಆಜ್ಞೆಯನ್ನು ಮತ್ತೆ ಕೊಟ್ಟಳು. ಮತ್ತೆ ಮತ್ತೆ ಕೊಟ್ಟಳು. ಕೋಪ ಬಂದಾಗ ಅವಳ ಬೆರಳುಗಳಿಗೆ ಬೇರೆ ಏನೂ ತೋಚುವುದಿಲ್ಲ. ಕೊನೆಗೆ ಕೈ ಸೋತು ಕುರ್ಚಿಗೆ ಒರಗಿ, ಬಯ್ಯುವುದನ್ನು ಬಿಟ್ಟು ಅದು ಮಾಡುತ್ತಿರುವುದಾದರೂ ಏನು ಎಂದು ನೋಡಿದಳು. ಬೆಳಿಗ್ಗೆಯೇ ಮಾಡಬೇಕಾಗಿದ್ದ ಕೆಲಸ.

ಅದು ಕಾಯುತ್ತಿತ್ತು. ಹಾಗೆ ಕಾಯುವ ಸ್ಥಿತಿಗೆ ಕಸುಬಿನವರಲ್ಲಿ ಒಂದು ಹೆಸರಿದೆ: ಎಬ್ಬಿಸಲಾಗದ ನಿದ್ದೆ. ಎಲ್ಲಿಗೋ ಒಂದು ಪ್ರಶ್ನೆ ಕಳಿಸಿ ಉತ್ತರಕ್ಕೆಂದು ಕೂತಿರುತ್ತದೆ. ಉತ್ತರ ಬರುವ ತನಕ ಬೇರಾವ ಮಾತೂ ಅದರ ಕಿವಿಗೆ ಬೀಳದು, ಸಾಯಿ ಎಂದರೂ ಬೀಳದು. ಯಾರ ಉತ್ತರ ಎಂದು ಹುಡುಕಿದಳು. ಹಳೆಯ ಡಿಸ್ಕಿನ ಪೆಟ್ಟಿಗೆಯದು. ಹಳೆಯ ರಿಪೋರ್ಟುಗಳೆಲ್ಲ ಇದ್ದದ್ದು ಅದರಲ್ಲೇ.

ಅಕ್ಕ ನಿಧಾನವಾಗಿ ತಲೆ ತಿರುಗಿಸಿದಳು. ಆ ಪೆಟ್ಟಿಗೆ ಅವಳ ಊಟದ ಡಬ್ಬಿಯ ಪಕ್ಕದಲ್ಲೇ, ವೈರನ್ನು ಮೈಗೆ ಸುತ್ತಿಕೊಂಡು ಕೂತಿತ್ತು. ಸುತ್ತಿದವಳೂ ಅವಳೇ. ಬೆಳಿಗ್ಗೆ ಹೊಸ ಪೆಟ್ಟಿಗೆ ಬಂದಿತ್ತು, ಗೋಡೆಯಲ್ಲಿ ಬೇರೆ ಸಾಕೆಟ್ ಖಾಲಿ ಇರಲಿಲ್ಲ. ಎಲ್ಲ ನಕಲು ಆಗಿದೆಯಲ್ಲ, ಇನ್ನು ಇದರ ಹಂಗು ಯಾರಿಗಿದೆ ಎಂದು ಹಳೆಯದನ್ನು ಕಿತ್ತಿದ್ದಳು. ಡಬ್ಬಿಗೆ ಯಾರೂ ಹೇಳಿರಲಿಲ್ಲ.

"ಥೂ ನನ್ನ ಬುದ್ಧಿಗಿಷ್ಟು," ಎಂದಳು.

ಫ್ಯಾನಿನ ಪ್ಲಗ್ಗು ಕಿತ್ತು, ಆ ಜಾಗಕ್ಕೆ ಹಳೆಯ ಪೆಟ್ಟಿಗೆಯ ವೈರು ಚುಚ್ಚಿದಳು. ಅದು ಮುದುಕರ ಹಾಗೆ ಕೆಮ್ಮಿ, ಗೊರಗೊರ ಎಂದು, ಕೊನೆಗೊಮ್ಮೆ ಹಸಿರು ದೀಪ ಹೊತ್ತಿಸಿತು. ಕೋಣೆ ಕುದಿಯತೊಡಗಿತು. ಅಕ್ಕ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಪರದೆ ನೋಡುತ್ತ ಕೂತಳು. ಅವಳು ಏನನ್ನೂ ಒತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಹಳೆಯ ಡಬ್ಬಿಯ ಹೆಸರಿದ್ದ ಸಾಲು ತಾನಾಗಿಯೇ ಮಾಯವಾಯಿತು. ತನಗೆ ಬೇಕಾದ ಉತ್ತರ ಸಿಕ್ಕಿದ್ದೇ, ಆಗಲೇ ಕೇಳಬೇಕಾಗಿದ್ದ ಸಾಯಿ ಎಂಬ ಮಾತನ್ನು ಕೇಳಿ ಡಬ್ಬಿ ಹೊರಟುಹೋಗಿತ್ತು.

ಹೊಸದು ಕೂತಿತು. ಹೊರಗೆ ಪ್ರಿಂಟರು ಕರಕರ ಎಂದಿತು, ಕೌಂಟರಿನವಳು "ಬಂತು ಬಂತು, ನೂಕಬೇಡ್ರಿ" ಎಂದು ಕೂಗಿದಳು. ಮ್ಯಾನೇಜರು ಇಣುಕಿ, "ಆರಿಸಿ ಹಾಕಿದ್ಯಾ?" ಎಂದ. ಅಕ್ಕ ಬಿಚ್ಚದ ಊಟದ ಡಬ್ಬಿಯನ್ನು ಹಾಗೇ ಕೈಚೀಲಕ್ಕೆ ತುರುಕಿ ಹೊರಟಳು.

ಬಸ್ಸಿನಲ್ಲಿ ಕಂಬಿ ಹಿಡಿದು ನೇತಾಡುತ್ತ, ತಮ್ಮನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಳು. ನೋಡಪ್ಪ, ನಂಗೂ ಸಂಸಾರ ಇದೆ. ಭಾವ ಒಳ್ಳೆಯವರು, ಆದರೂ ಎಷ್ಟು ದಿನ? ನಿನ್ನ ಮನೆ ನಿಂಗಿಲ್ವಾ? ನೀನು ಕಾಯ್ತಿರೋದಾದ್ರೂ ಯಾತಕ್ಕೆ?

ಆ ಕೊನೆಯ ಮಾತಿಗೆ ಬಂದಾಗ ಅವಳಿಗೆ ಬೇಸಿಗೆಯ ಆ ದಿನ ನೆನಪಾಯಿತು.

ಅವನು ಬಂದ ದಿನ ಬಾಗಿಲಲ್ಲಿ ನಿಂತು ಅಳುತ್ತಿದ್ದ. ಅವಳೇ ಚೀಲ ಕಿತ್ತು ಒಳಗಿಟ್ಟಿದ್ದಳು. "ನಿನ್ನ ಹೆಂಡ್ತಿ ಹತ್ರ ನಾನು ಮಾತಾಡ್ತೀನಿ. ನಾನು ಹೇಳೋವರೆಗೂ ನೀನು ಫೋನು ಮಾಡಬೇಡ, ಮಾತಿಗೆ ಮಾತು ಬೆಳೆಯುತ್ತೆ," ಎಂದಿದ್ದಳು. ಮರುದಿನ ಕೆಲಸ ಹೆಚ್ಚಿತ್ತು. ಅದರ ಮರುದಿನ ಅವಳಿಗೇ ಆ ಹುಡುಗಿಯ ಮೇಲೆ ಸಿಟ್ಟಿತ್ತು. ಆಮೇಲೆ ಅದು ನೆನಪಿನಿಂದಲೇ ಜಾರಿಹೋಯಿತು.

ಏನಾದ್ರೂ ಸಮಾಚಾರ ಇದೆಯಾ ಅಕ್ಕ?

ಮನೆಯ ಮುಂದೆ ಇಳಿದಾಗ ಬೀದಿ ದೀಪ ಆಗಷ್ಟೇ ಹೊತ್ತಿತ್ತು. ಮೇಲಿನ ಕಿಟಕಿಯಲ್ಲಿ ಗಂಡನ ನೆರಳು ಅತ್ತಿಂದಿತ್ತ ಓಡಾಡುತ್ತಿತ್ತು. ಅಕ್ಕ ಮೆಟ್ಟಿಲು ಹತ್ತದೆ, ಕೆಳಗಿನ ಮೆಟ್ಟಿಲ ಮೇಲೇ ಕೂತು ತಮ್ಮನ ಹೆಂಡತಿಗೆ ಫೋನು ಮಾಡಿದಳು. ತುಂಬ ಹೊತ್ತು ಬಡಿದುಕೊಂಡಿತು. ಇಡೋಣ ಎನ್ನುವಷ್ಟರಲ್ಲಿ ಆ ಹುಡುಗಿ ಎತ್ತಿದಳು.

"ಹೇಳಿ ಅತ್ತಿಗೆ." ಧ್ವನಿ ಕಲ್ಲಿನಂತಿತ್ತು.

"ಮೊದಲೇ ಮಾಡಬೇಕಿತ್ತು ಕಣೇ ನಾನು."

"ಈಗ ನೆನಪಾಯ್ತಾ? ಸತ್ತಿದೀನೋ ಬದುಕಿದೀನೋ ಅಂತ ಒಬ್ರಾದ್ರೂ ಕೇಳಿದ್ರಾ? ಅವರಾಗೇ ಒಂದು ಫೋನು ಮಾಡ್ಲಿಲ್ಲ. ನೀವಾದ್ರೂ..."

ಅಲ್ಲಿಂದ ಮಾತು ಸುರಿಯತೊಡಗಿತು. ಬಹುಪಾಲು ಬೈಗುಳವೇ. ಬೇರೆ ದಿನವಾಗಿದ್ದರೆ ಅಕ್ಕ ಒಂದಕ್ಕೆ ನಾಲ್ಕು ತಿರುಗಿಸಿ ಕೊಡುತ್ತಿದ್ದಳು. ಈಗ ಮೊಬೈಲನ್ನು ಭುಜದಿಂದ ಕಿವಿಗೆ ಒತ್ತಿ ಹಿಡಿದು, ಬಾತ ಕಾಲಿನಿಂದ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟಳು. "ಹೂಂ," ಎಂದಳು. "ಹೂಂ, ಹೇಳು."

ಮೇಲೆ ಬಾಗಿಲು ತೆರೆದ ಸದ್ದಾಯಿತು. ಏನೋ ಭಾರವಾದದ್ದನ್ನು ಹೊಸಿಲಾಚೆ ಇಟ್ಟ ಸದ್ದು. ತಮ್ಮನ ಧ್ವನಿ ಮೆಲ್ಲಗೆ, "ಇರಿ ಭಾವ, ಅಕ್ಕ ಬರ್ಲಿ," ಎಂದಿತು. ಬಾಗಿಲು ತೆರೆದೇ ಇತ್ತು. ಅದರ ಬೆಳಕು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿದು, ಅವಳು ಕಳಚಿಟ್ಟ ಚಪ್ಪಲಿಗಳ ತನಕ ಬಂದು ನಿಂತಿತ್ತು.