ತೊಳೆದು ತಂದ ಡ್ರೈಯರ್

ಆ ಬೆಳಿಗ್ಗೆ ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಗಾಳಿ ಮಾತ್ರ ಹಿಂಡದೆ ಹರವಿದ ಬಟ್ಟೆಯ ಹಾಗೆ ಊರ ಮೇಲೆ ಜೋತುಬಿದ್ದಿತ್ತು. ಗ್ಯಾರೇಜಿನ ಗೋಡೆ ಮುಟ್ಟಿದರೆ ಅಂಗೈ ಒದ್ದೆ. ಇಂಥ ದಿನ ಕಾರಿನ ಏಸಿ ಬಿಚ್ಚಬಾರದೆಂದು ಮೇಸ್ತ್ರಿಗೆ ಗೊತ್ತಿತ್ತು. ಆದರೆ ಬಂದವರು ಭಾವ, ಸ್ವಂತ ಅಕ್ಕನ ಗಂಡ. ಭಾವ ಬಂದ ದಿನವೇ ಒಳ್ಳೆಯ ದಿನವೆಂದು ಒಪ್ಪಿಕೊಂಡು ಬಾಳುವ ಮನೆತನ ಅದು.

ಭಾವ ತೂಕ-ಅಳತೆ ಇಲಾಖೆಯ ನಿವೃತ್ತ ಇನ್‌ಸ್ಪೆಕ್ಟರು. ಮೂವತ್ತು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷಿಸಿ, ಈಗ ಮನುಷ್ಯರನ್ನು ತೂಗುತ್ತಿದ್ದರು. ಅವರ ಲೆಕ್ಕದಲ್ಲಿ ಭಾಮೈದ ಆಗಲೇ ಎರಡು ಸಲ ಕಡಿಮೆ ತೂಗಿದ್ದ. ಅವನು ರಿಪೇರಿ ಮಾಡಿಕೊಟ್ಟ ಏಸಿ ಹತ್ತು ನಿಮಿಷ ತಣ್ಣಗೆ ಬೀಸಿ, ಆಮೇಲೆ ದಣಿದ ಎಮ್ಮೆಯ ಹಾಗೆ ಬಿಸಿಯುಸಿರು ಬಿಡುತ್ತಿತ್ತು. ಸುದ್ದಿ ಬೀಗರವರೆಗೆ ಹೋಗಿ, ಅಲ್ಲಿಂದ ತಿರುಗಿ ಗ್ಯಾರೇಜಿನ ಮಾಲೀಕನ ಕಿವಿಗೂ ಬಿದ್ದಿತ್ತು.

"ಇನ್ನೊಂದು ಸಲ ಈ ಕಾರು ವಾಪಸ್ ಬಂದ್ರೆ, ನೀನು ಪಂಕ್ಚರ್ ಹಾಕೋಕೆ ಹೋಗು," ಎಂದಿದ್ದ ಮಾಲೀಕ. ಹದಿನೆಂಟು ವರ್ಷದ ಕಸುಬು ಒಂದು ಮಾತಿನಲ್ಲಿ ಟೈರಿನ ಪಾಲಾಗುವುದರಲ್ಲಿತ್ತು.

ಮೇಸ್ತ್ರಿ ಪೈಪುಗಳನ್ನು ಬಿಚ್ಚಿ, ಹಳೆಯ ಡ್ರೈಯರನ್ನು ಹೊರತೆಗೆದ. ಗೇಣುದ್ದದ ಡಬ್ಬಿ. ಒಳಗೆ ಸಾಸಿವೆಯಂಥ ಕಾಳು. ಏಸಿಯ ಗ್ಯಾಸಿನಲ್ಲಿರುವ ತೇವವನ್ನು ಆ ಕಾಳು ಹೀರಿಕೊಳ್ಳಬೇಕು. ಹೀರದಿದ್ದರೆ ತೇವ ಮುಂದೆ ಹೋಗಿ ಮಂಜುಗಡ್ಡೆಯಾಗಿ ದಾರಿ ಕಟ್ಟಿಬಿಡುತ್ತದೆ. ಹೊಸದನ್ನು ಪ್ರತಿಸಲವೂ ಭಾವನೇ ಕೊಂಡುತರುತ್ತಿದ್ದರು. ಗ್ಯಾರೇಜಿನವರನ್ನು ನಂಬಲು ಅವರೇನು ಸಾಮಾನ್ಯರೇ?

"ತಗೋ," ಎಂದು ಭಾವ ಹೊಸ ಡಬ್ಬಿಯನ್ನು ಎರಡೂ ಕೈಯಲ್ಲಿ ಕೊಟ್ಟರು. "ಮೋಸ ಇಲ್ಲದ ಕಂಪನಿ ಕಣೋ. ಮನೇಲಿ ತೂಗಿ ನೋಡ್ದೆ. ಪೆಟ್ಟಿಗೆ ಮೇಲೆ ಬರೆದಿದ್ದಕ್ಕಿಂತ ಮೂವತ್ತು ಗ್ರಾಂ ಜಾಸ್ತೀನೇ ಇದೆ!"

ಮೇಸ್ತ್ರಿಯ ಕೈ ಅಲ್ಲೇ ನಿಂತಿತು.

"ಭಾವ, ಇದರ ಮುಚ್ಚಳ ತೆಗೆದ್ರಾ?"

"ತೆಗೀದೆ ತೊಳೆಯೋದು ಹೇಗಪ್ಪಾ?"

"ತೊಳೆದ್ರಾ!"

"ಮತ್ತೆ? ಯಾವ ಗೋಡೌನಲ್ಲಿ ಬಿದ್ದಿತ್ತೋ, ಯಾರ್ಯಾರು ಮುಟ್ಟಿದ್ರೋ. ನಲ್ಲಿ ಕೆಳಗೆ ಹಿಡಿದು ತೊಳೆದು, ಬಾಯಲ್ಲಿ ಊದಿ, ಬಿಗಿಯಾಗಿ ಮುಚ್ಚಳ ಹಾಕಿದೀನಿ."

"ಹಿಂದಿನ ಎರಡನ್ನೂ?"

"ಅವನ್ನ ಸೋಪ್ ಹಾಕಿ ತೊಳೆದಿದ್ದೆ," ಎಂದರು ಭಾವ, ಹೊಗಳಿಕೆಗೆ ಕಾಯುತ್ತಾ.

ಮೇಸ್ತ್ರಿ ದೇವರನ್ನು ನೆನೆದ. ದೇವರು ಸುಮ್ಮನಿದ್ದ, ಭಾವನ ಮುಂದೆ ಅವನಿಗೂ ಸಂಕೋಚವಿದ್ದಿರಬೇಕು. ಕೊನೆಗೆ ಮೇಸ್ತ್ರಿಯೇ ಬಾಯಿಬಿಟ್ಟ:

"ಭಾವ, ಇದರ ಕೆಲಸವೇ ನೀರು ಕುಡಿಯೋದು. ಗಾಳಿಗೆ ತೆರೆದಿಟ್ರೂ ಕುಡಿಯುತ್ತೆ. ನೀವು ಹೊಟ್ಟೆ ತುಂಬ ಕುಡಿಸಿ ತಂದಿದೀರಿ. ಆ ಮೂವತ್ತು ಗ್ರಾಂ ಕಂಪನಿ ಕೊಟ್ಟಿದ್ದಲ್ಲ, ನಿಮ್ಮನೆ ನಲ್ಲೀದು."

ಭಾವ ಡಬ್ಬಿಯನ್ನು ವಾಪಸ್ ತೆಗೆದುಕೊಂಡು ಅಂಗೈಯಲ್ಲೇ ತೂಗಿ ನೋಡಿದರು. ಕಡಿಮೆ ತೂಗಿದವರ ಮೇಲೆ ಎಷ್ಟೋ ಕೇಸು ಹಾಕಿದ್ದರು. ಜಾಸ್ತಿ ತೂಗಿದ್ದು ಅಪರಾಧವಾಗಬಹುದೆಂದು ಅವರ ಇಲಾಖೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಮೇಸ್ತ್ರಿ ಉಗ್ರಾಣದಿಂದ ಬೇರೆ ಡ್ರೈಯರ್ ತಂದ. ಉಳಿದ ಜೋಡಣೆಯೆಲ್ಲ ಮುಗಿದ ಮೇಲೆ, ಕಟ್ಟಕಡೆಗೆ, ಅದರ ಮುಚ್ಚಳ ತೆಗೆದು ಉಸಿರು ಬಿಗಿಹಿಡಿದು ಕೂರಿಸಿದ. ಪಂಪು ಮುಕ್ಕಾಲು ಗಂಟೆ ಒಳಗಿನ ಗಾಳಿ, ತೇವ ಎಲ್ಲವನ್ನೂ ಎಳೆದು ಹಾಕಿತು. ಗ್ಯಾಸು ತುಂಬಿದ. ಭಾವ ಗಡಿಯಾರ ಹಿಡಿದು ಕಾರಿನಲ್ಲಿ ಕುಳಿತರು. ಹತ್ತು ನಿಮಿಷ, ಇಪ್ಪತ್ತು, ನಲವತ್ತು. ಅವರ ಮೂಗಿನ ತುದಿ ತಣ್ಣಗಾಯಿತು.

ಮಾಲೀಕ ಬಂದು ಕಿಟಕಿಯಲ್ಲಿ ಬಗ್ಗಿದ. "ಏನ್ ಸಾರ್, ಇವನನ್ನ ಟೈರಿಗೆ ಕಳಿಸ್ಲಾ?"

ಭಾವ ಅತ್ತಿತ್ತ ನೋಡಿದರು. ಇಡೀ ಬಳಗದಲ್ಲಿ ಯಾರೂ ಕೇಳಿರದಷ್ಟು ಮೆಲ್ಲನೆಯ ದನಿಯಲ್ಲಿ, "ಬೇಡಪ್ಪ," ಎಂದರು. "ಇವನ ಕೆಲಸ ಮೂರು ಸಲವೂ ಸರಿಯಾಗೇ ಇತ್ತು. ಕೆಡಿಸಿದ್ದು ನಾನು. ಬೀಗರಿಗೂ ನಾನೇ ಹೇಳ್ತೀನಿ."