ಒಡೆಯುವ ಗಡಿಗೆಗೆ ಹುಯ್ ಬರೆದ ಬಾತುಕೋಳಿ

ಎಲ್ಲಿಂದ ಶುರು ಮಾಡಲಿ? ಕುಂಬಾರ ಹುಯ್ ಸತ್ತಲ್ಲಿಂದ ಎಂದರೆ ನೀವು ಮುಖ ಸಿಂಡರಿಸುತ್ತೀರಿ. ಹುಟ್ಟಿದಲ್ಲಿಂದ ಎಂದರೆ ನನಗೇ ತಾಳ್ಮೆಯಿಲ್ಲ. ಗಡಿಗೆಯಿಂದ ಶುರು ಮಾಡುತ್ತೇನೆ. ತಲೆನೋವೆಲ್ಲ ಅದರದ್ದೇ.

೧

ನೈಲ್ ನದಿಯ ಪಡುವಣ ದಡದ ನಮ್ಮ ಕುಂಬಾರ ಕೇರಿಯಲ್ಲಿ, ಸತ್ತವನನ್ನು ಗೋರಿಯೊಳಗಿಟ್ಟು ಎಡೆಯಿಟ್ಟ ಮೇಲೆ ಬಾಗಿಲಲ್ಲಿ ಒಂದು ಕೆಂಪು ಗಡಿಗೆ ಒಡೆಯುತ್ತೇವೆ. ಅವನ ಬೆನ್ನು ಹತ್ತಿದ ಕೇಡು ಅದರೊಡನೆ ಚೂರಾಗಬೇಕು. ಬಾಗಿಲು ಮುಚ್ಚುವುದು ಆಮೇಲೆ. ಒಡೆಯುವ ಗಡಿಗೆಗೆ ಯಾರೂ ಚಿತ್ರ ಬರೆಯುವುದಿಲ್ಲ. ಚಿತ್ರವೇನಿದ್ದರೂ ದೇವರ ಎಡೆಯ ಪಾತ್ರೆಗಳಿಗೆ. ಕೆಮ್ಮು ಹತ್ತಿದಾಗ ಹುಯ್ ತನ್ನ ಗಡಿಗೆಯನ್ನು ತಾನೇ ಮಾಡಿಟ್ಟ. ಅಷ್ಟಕ್ಕೆ ಬಿಡಬಾರದೆ? ಕುತ್ತಿಗೆಗೆ ನೀಲಿ ತಾವರೆಯ ಮಾಲೆ ಬರೆದ, ಹೊಟ್ಟೆಯ ಮೇಲೆ ಜೊಂಡಿನಿಂದ ಹಾರುವ ಬಾತುಕೋಳಿ. (ದೇವಸ್ಥಾನಕ್ಕೂ ಇಷ್ಟು ಚೆನ್ನಾಗಿ ಬರೆದವನಲ್ಲ.)

೨

ಈಗ ಎಲ್ಲರೂ ಗೋರಿಯ ಮುಂದೆ ಬಿಸಿಲಲ್ಲಿ ನಿಂತಿದ್ದಾರೆ. ಗಡಿಗೆ ಅವನ ಹೆಂಡತಿ ತೆಂತೊಪೆತ್‌ಳ ಕೈಯಲ್ಲಿದೆ.

"ಒಡೀರಿ ಅತ್ತಿಗೆ, ಊಟಕ್ಕಿಟ್ಟ ಬೀರು ಹುಳಿ ಆಗ್ತಿದೆ," ಎಂದ ಹುಯ್‌ನ ತಮ್ಮ ಪೆನ್ನುಬ್.

"ಗಂಟಲು ಒಣಗಿದೆ ಅನ್ನು. ಬೇರೆ ಗಡಿಗೆ ತಾ, ಒಡೀತೀನಿ."

"ಅಣ್ಣ ಇದಕ್ಕೇ ಅಂತ ಮಾಡಿದ್ದು. ಇದು ಒಡೀದಿದ್ರೆ ಕೇಡೆಲ್ಲ ಅವನ ಹಿಂದೇನೇ ಬೀಳುತ್ತೆ."

"ಇಷ್ಟು ವರ್ಷ ನಾನೇ ಹಿಂದೆ ಬಿದ್ದಿದ್ದೆ. ಏನಾಯ್ತು ಅವರಿಗೆ?"

ಕೂಲಿಗೆ ಅಳುವ ಹೆಂಗಸರು ನಕ್ಕುಬಿಟ್ಟರು. ದುಃಖದ ದೃಶ್ಯ ಹಾಳು. ಈ ಡ್ರಾಫ್ಟ್ ರದ್ದು.

ಮತ್ತೆ ೨

ತೆಂತೊಪೆತ್ ಕಣ್ಣು ಮುಚ್ಚಿ ಗಡಿಗೆಯನ್ನು ಕಲ್ಲಿಗೆ ಅಪ್ಪಳಿಸಿದಳು.

"ಏನಯ್ಯಾ ಕಥೆ ಹೇಳೋನೇ, ಯಾರು ಅಪ್ಪಳಿಸಿದ್ದು? ನನ್ನ ಕೈಯಲ್ಲೇ ಇದೆಯಲ್ಲ!"

"ತಾಯಿ, ಓದೋರು ಕಾಯ್ತಿದ್ದಾರೆ."

"ಅವರ ಮನೇಲಿ ಸತ್ತಾಗ ಅವರು ಒಡ್ಕೊಳ್ಲಿ."

ಸರಿ, ಬೇರೆ ಮುಕ್ತಾಯ. ಜನ ಅಳುತ್ತಿದ್ದಾಗ ಅವಳು ಗುಟ್ಟಾಗಿ ಬೋಳು ಗಡಿಗೆಯೊಂದನ್ನು ಒಡೆದಳು.

"ಥೂ! ಕದ್ದುಮುಚ್ಚಿಯಾ? ಬದುಕಿದ್ದಾಗ್ಲೇ ಅವರಿಗೆ ಮೋಸ ಮಾಡ್ಲಿಲ್ಲ."

ಇನ್ನೊಂದು. ಗಡಿಗೆ ತಾನಾಗಿ ಕೈಜಾರಿತು.

"ಕುಂಬಾರನ ಹೆಂಡತಿ ಕೈಯಿಂದಲಾ? ಕೇರಿಯಲ್ಲಿ ತಲೆ ಎತ್ತಿ ಓಡಾಡೋದು ಬೇಡ್ವಾ?"

ಇಂಥವಳನ್ನಿಟ್ಟುಕೊಂಡು ಯಾರಾದರೂ ಕ್ಲೈಮ್ಯಾಕ್ಸ್ ಬರೆದಾರೆಯೇ? (ಬೈಯಲೂ ಬಾಯಿ ಬರದು. ನಾನೂ ಇದೇ ಕೇರಿಯವನು. ಒಡೆಯದಿದ್ದರೆ ಹುಯ್ ದಾರಿಯಲ್ಲಿ ಒಬ್ಬನೇ ಕೇಡಿಗೆ ಸಿಕ್ಕಾನು ಎಂದು ನನಗೂ ಭಯ. ಒಡೆದರೆ ಅವನ ಕೈಕೆಲಸದ್ದೊಂದೂ ಅವಳಿಗೆ ಉಳಿಯುವುದಿಲ್ಲ. ಮಿಕ್ಕದ್ದೆಲ್ಲ ದೇವಸ್ಥಾನಗಳ ಪಾಲಾಗಿದೆ.)

೩, ಅಥವಾ ಎಷ್ಟೋ ಒಂದು

ಗಡಿಗೆಯನ್ನು ಸೊಂಟಕ್ಕೇರಿಸಿಕೊಂಡು ಅವಳು ಹೊರಟೇಬಿಟ್ಟಳು. ನನ್ನನ್ನು ಕೇಳಲೂ ಇಲ್ಲ.

"ಇವತ್ತು ಬೇಡ. ಮನಸ್ಸು ಬಂದ ದಿನ ಒಡೀತೀನಿ."

"ಅಲ್ಲೀತನಕ ಬಾಗಿಲು?" ಪೆನ್ನುಬ್ ಕೂಗಿದ.

"ತೆಗೆದಿರ್ಲಿ. ಗಡಿಗೆ ಸುಡೋ ಆವಿಗೆ ಮುಂದೆ ಬೆಂದ ಜೀವ, ಸ್ವಲ್ಪ ಗಾಳಿ ಕುಡೀಲಿ."

ಅಳುವ ಹೆಂಗಸರು ಕಣ್ಣೊರೆಸಿಕೊಂಡು ಊಟಕ್ಕೆ ನಡೆದರು. ಪೆನ್ನುಬ್ ಅಣ್ಣನನ್ನೂ ಅತ್ತಿಗೆಯನ್ನೂ ನನ್ನನ್ನೂ ಸೇರಿಸಿ ಬೈದ. ಬೈಯುತ್ತಲೇ ಒಂದು ದೊಣ್ಣೆ ಹುಡುಕಿ ತಂದು, ಯಾವ ಕೇಡೂ ಒಳಗೆ ನುಗ್ಗದಂತೆ ತೆರೆದ ಬಾಗಿಲಿಗೆ ಅಡ್ಡ ಕುಳಿತ.

ಬಾಗಿಲಿಗೆ ಮಣ್ಣು ಮೆತ್ತಿ ಮುಚ್ಚಲು ಬಂದಿದ್ದ ಗಾರೆಯವನು ನನ್ನತ್ತ ತಿರುಗಿದ.

"ಅಣ್ಣಾ, ಕಲಸಿದ ಮಣ್ಣು ಗಟ್ಟಿ ಆಗ್ತಿದೆ. ಏನ್ ಮಾಡ್ಲಿ?"

"ನೀರು ಹಾಕಿ ತುಳೀತಾ ಇರು," ಎಂದೆ.